ಅಂಗಡಿ ಹಿಂದಿನ ವೈಂಡಿಂಗ್ ಕ್ಲಾಸು: ಐದು ತಿಂಗಳಲ್ಲಿ ಎಲ್ಲಿಗೆ ಬಂತು

ಕಾಸರಗೋಡು ಪೇಟೆಯಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟಾರು, ಫ್ಯಾನುಗಳಿಗೆ ಹೊಸ ತಂತಿ ಸುತ್ತಿ ಕೊಡುವುದು. ಅದರ ಹಿಂದೆ ಗುಜರಿ ತುಂಬಿದ್ದ ಒಂದು ಕೋಣೆ ಇತ್ತು. ಮೇ ತಿಂಗಳಲ್ಲಿ ಅದನ್ನು ಖಾಲಿ ಮಾಡಿ, ಒಂದು ಉದ್ದ ಮೇಜು ಹಾಕಿ, ಶಾಲೆ ಬಿಟ್ಟು ಬಸ್ ಸ್ಟ್ಯಾಂಡಿನಲ್ಲಿ ಹೊತ್ತು ಕಳೆಯುವ ಹುಡುಗರನ್ನು ಕರೆದೆ. ಬಂದವರು ಒಂಬತ್ತು ಜನ. ಇವತ್ತಿಗೆ ಉಳಿದವರು ಆರು. ಎಲ್ಲರೂ 16ರಿಂದ 19ರ ಒಳಗಿನವರು. ಒಬ್ಬ ಬೆಳಗ್ಗೆ ನಾಲ್ಕಕ್ಕೆ ಎದ್ದು ಮೀನಿನ ಪೆಟ್ಟಿಗೆಗೆ ಐಸ್ ಹಾಕುವವ. ಇನ್ನೊಬ್ಬ ಕೋಳಿ ಅಂಗಡಿಯಲ್ಲಿ ಇದ್ದವ. ಉಳಿದವರಿಗೆ ಸಿಕ್ಕಿದ ದಿನ ಕೆಲಸ.

ಮೇ, ಜೂನ್

ಶುರುವಿನಲ್ಲಿ ನಾನು ತಪ್ಪು ಮಾಡಿದೆ. ಬೋರ್ಡು ತಂದು ವೋಲ್ಟೇಜ್, ಕರೆಂಟು, ರೆಸಿಸ್ಟೆನ್ಸ್ ಎಂದು ಪಾಠ ಆರಂಭಿಸಿದೆ. ಮೂರನೇ ದಿನ ಕೋಣೆಯಲ್ಲಿ ನಾಲ್ಕೇ ಜನ. ಯಾವುದರಿಂದ ಓಡಿ ಬಂದಿದ್ದರೋ ಅದನ್ನೇ ನಾನು ಅವರ ಮುಂದೆ ಇಟ್ಟಿದ್ದೆ, ಅಲ್ವಾ?

ನಾಲ್ಕನೇ ದಿನ ಬೋರ್ಡು ಗೋಡೆಗೆ ತಿರುಗಿಸಿಟ್ಟೆ. ಮೇಜಿನ ಮೇಲೆ ಹಳೆ ಸೀಲಿಂಗ್ ಫ್ಯಾನ್ ಇಟ್ಟು "ಇದು ಯಾಕೆ ನಿಧಾನ ತಿರುಗ್ತದೆ, ನೋಡಿ" ಎಂದೆ. ನಮ್ಮ ಅಂಗಡಿಗೆ ಬರುವ ಫ್ಯಾನ್‌ಗಳಲ್ಲಿ ಜಾಸ್ತಿ ಕಾಣುವ ದೂರು ಎರಡೇ. ನಿಧಾನ ತಿರುಗಿದರೆ ಕೆಪಾಸಿಟರ್ ಸೋತಿದೆ ಅಂತ. ಕರಕರ ಸದ್ದು ಬಂದರೆ ಬೇರಿಂಗ್ ಹೋಗಿದೆ ಅಂತ. ಕೆಪಾಸಿಟರ್ ಅಂದರೆ ಫ್ಯಾನ್ ತಿರುಗಲು ಶುರುವಾಗುವುದಕ್ಕೆ ಬೇಕಾದ ಸಣ್ಣ ಡಬ್ಬಿಯ ಹಾಗಿನ ಭಾಗ. ಅದನ್ನು ಬದಲಿಸಿ, ನಾನೇ ಸ್ವಿಚ್ ಹಾಕಿದೆ. ಫ್ಯಾನ್ ಸುಂಯ್ ಎಂದು ತಿರುಗಿತು. ಐಸ್ ಹಾಕುವ ಹುಡುಗ ಕತ್ತು ಮೇಲೆ ಮಾಡಿ ಗಾಳಿಗೆ ಮುಖ ಕೊಟ್ಟು ನಿಂತ. "ಅಣ್ಣಾ, ಇಷ್ಟೇನಾ?" ಎಂದು ಕೇಳಿದ. ಮರುದಿನ ಮನೆಯಿಂದ ಕೆಟ್ಟ ಫ್ಯಾನ್ ಹೊತ್ತುಕೊಂಡು ಬಂದ.

ಆಮೇಲೆ ವೈಂಡಿಂಗ್. 14ಕ್ಕೆ 14ರ ಫ್ಯಾನ್ ಬಿಚ್ಚಿದೆವು, ಅಂದರೆ ಫ್ಯಾನನ್ನು ಓಡಿಸುವ ರನ್ನಿಂಗ್ ಕಾಯಿಲ್ (ತಂತಿಯ ಸುರುಳಿ) 14, ತಿರುಗಲು ಶುರು ಮಾಡಿಸುವ ಸ್ಟಾರ್ಟಿಂಗ್ ಕಾಯಿಲ್ 14. ಸುಟ್ಟ ತಂತಿ ಬಿಚ್ಚುವಾಗ ಸುತ್ತು ಎಣಿಸಬೇಕು, ಹೊಸದರಲ್ಲಿ ಅಷ್ಟೇ ಸುತ್ತು ಬರಬೇಕು. ಮಧ್ಯೆ ಯಾರಾದರೂ ಮಾತಾಡಿಸಿದರೆ ಲೆಕ್ಕ ಹೋಯಿತು, ಪುನಃ ಮೊದಲಿಂದ. ಒಬ್ಬ "ಒಂಜಿ, ರಡ್ಡ್, ಮೂಜಿ" ಎಂದು ತುಳುವಿನಲ್ಲಿ ಎಣಿಸುತ್ತಾನೆ. ಪಕ್ಕದವ ಮಲಯಾಳದಲ್ಲಿ. ಪುಸ್ತಕದಲ್ಲಿ ಬರೆಯುವುದು ಮಾತ್ರ ಕನ್ನಡದಲ್ಲಿ, ಶಾಲೆ ಕನ್ನಡ ಮೀಡಿಯಂ ಆಗಿತ್ತಲ್ಲ. ಐವತ್ತು ಸುತ್ತಿಗೊಂದು ಗೀಟು. ಕೂದಲಿನ ಹಾಗಿನ ತಂತಿ, ಸ್ವಲ್ಪ ಜೋರಾಗಿ ಎಳೆದರೆ ತುಂಡು. ಎರಡು ನಿಮಿಷ ಒಂದೆಡೆ ಕೂರದ ಹುಡುಗ ಒಂದೂವರೆ ಗಂಟೆ ತಲೆ ಎತ್ತದೆ ಕೂತದ್ದನ್ನು ನಾನು ಕಣ್ಣಾರೆ ಕಂಡೆ.

ಗೋಡೆಗೆ ತಿರುಗಿಸಿಟ್ಟ ಬೋರ್ಡು ಜೂನ್ ಕೊನೆಗೆ ಅವರಿಗೇ ಬೇಕಾಯಿತು. 14 ಪೋಲಿನ (ಕಾಯಿಲ್‌ಗಳಿಂದ ಆಗುವ ಅಯಸ್ಕಾಂತದ ಧ್ರುವಗಳು) ಫ್ಯಾನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕು ಎಂದು ಒಬ್ಬ ಕೇಳಿದ. 120 ಗುಣಿಸು 50 (ನಮ್ಮ ಕರೆಂಟಿನ ಹರ್ಟ್ಸ್), ಅದನ್ನು 14ರಿಂದ ಭಾಗಿಸು ಎಂದೆ. ಗಣಿತದಲ್ಲಿ ಫೇಲಾಗಿ ಒಂಬತ್ತಕ್ಕೆ ಶಾಲೆ ಬಿಟ್ಟವನೇ ಚಾಕ್ ತೆಗೆದುಕೊಂಡು ಭಾಗಾಕಾರ ಮಾಡಿದ: 428. ನಿಜವಾದ ಸ್ಪೀಡು ಅದಕ್ಕಿಂತ ಸ್ವಲ್ಪ ಕಡಿಮೆ ಯಾಕೆ ಅನ್ನುವುದು ಅವನ ಮುಂದಿನ ಪ್ರಶ್ನೆ. ಆ ದಿನ ನನಗೆ ತುಂಬಾ ಸಂತೋಷವಾಯಿತು.

ಜುಲೈ

ಒಂದು ಅನಾಹುತ ತಪ್ಪಿತು. ನಾನು ಗಿರಾಕಿ ಹತ್ತಿರ ಮಾತಾಡುತ್ತಿದ್ದಾಗ ಒಬ್ಬ ತಾನು ಕಟ್ಟಿದ ಫ್ಯಾನನ್ನು ನೇರ ಮೇನ್ಸಿಗೆ ಕೊಟ್ಟ. ಒಂದು ಕಾಯಿಲ್‌ನ ತುದಿ ತಿರುವುಮುರುವು ಆಗಿತ್ತು. ಗುಂಯ್ ಅಂದಿತು, ತಿರುಗಲಿಲ್ಲ, ವಾರ್ನಿಶ್ ಸುಟ್ಟ ವಾಸನೆ ಕೋಣೆ ತುಂಬಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ತಪ್ಪು ನನ್ನದೇ. ಸೀರೀಸ್ ಬಲ್ಬಿನಲ್ಲಿ, ಅಂದರೆ ಕರೆಂಟು ಒಂದು ಬಲ್ಬಿನ ಮೂಲಕ ಹೋಗುವ ಹಾಗೆ ಕೊಟ್ಟು, ಮೊದಲು ನೋಡಬೇಕು ಎಂದು ಬಾಯಲ್ಲಿ ಹೇಳಿದ್ದೆ, ಮೇಜನ್ನು ಹಾಗೆ ಕಟ್ಟಿರಲಿಲ್ಲ.

ಮರುದಿನ ಕ್ಲಾಸಿಗೆ ರಜೆ ಕೊಟ್ಟು ವೈರಿಂಗ್ ಬದಲಿಸಿದೆ. ಈಗ ಮೇಜಿನಲ್ಲಿ ಒಂದೇ ಸಾಕೆಟ್. ಅದು 200 ವಾಟಿನ ಬಲ್ಬಿನ ಮೂಲಕವೇ ಬರುತ್ತದೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಫ್ಯಾನ್ ಉಳಿಯುತ್ತದೆ. ಎಲ್ಲ ಸರಿ ಇದ್ದರೆ ಬಲ್ಬು ಮಂಕಾಗಿ ಉರಿದು ಫ್ಯಾನ್ ಮೆಲ್ಲ ತಿರುಗುತ್ತದೆ. ನೇರ ಸಾಕೆಟ್ ಬೀಗದೊಳಗೆ, ಕೀಲಿ ನನ್ನ ಕಿಸೆಯಲ್ಲಿ. ಎಲ್ಲದಕ್ಕೂ ಹಿಂದೆ 30 ಮಿಲಿಆಂಪಿನ ಇಎಲ್‌ಸಿಬಿ, ಅಂದರೆ ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್. 18 ತುಂಬದವರನ್ನು ಅಪಾಯದ ಕೆಲಸಕ್ಕೆ ಹಾಕಬಾರದು ಎಂದು ಬಾಲಕಾರ್ಮಿಕ ಕಾನೂನಿಗೆ 2016ರಲ್ಲಿ ಆದ ತಿದ್ದುಪಡಿ ಹೇಳುತ್ತದೆ. ಹಾಗಾಗಿ ಸಣ್ಣವರು ಬಿಚ್ಚುವುದು, ಸುತ್ತುವುದು ಮಾತ್ರ. ಕರೆಂಟು ಕೊಡುವುದು ನಾನೇ.

ಆಗಸ್ಟ್

ಹಾಜರಿ ಮತ್ತೆ ಬಿತ್ತು. ಕಾರಣ ದುಡ್ಡು. ಮಳೆಗಾಲದಲ್ಲಿ ಹೊರಗಿನ ಕೆಲಸ ಕಡಿಮೆ, ಮನೆಯಲ್ಲಿ ಅಕ್ಕಿ ಬೇಕು. ಸುಮ್ನೆ ಕಲಿಯಲು ಬಾ ಎಂದರೆ ಹೇಗೆ ಬಂದಾರು? ಅವರು ರಿಪೇರಿ ಮಾಡಿದ ಫ್ಯಾನು, ಮಿಕ್ಸಿಗಳಿಗೆ ಸಿಗುವ ಮಜೂರಿಯಲ್ಲಿ ಸಾಮಾನಿನ ಖರ್ಚು ಕಳೆದು ಉಳಿದದ್ದನ್ನು ಪೂರ್ತಿ ಅವರಿಗೇ ಕೊಡಲು ಶುರು ಮಾಡಿದೆ. ದೊಡ್ಡ ಮೊತ್ತವೇನಲ್ಲ. ಆದರೆ ಅಂದಿನಿಂದ ಆರು ಜನ ತಪ್ಪಿಸಿಲ್ಲ.

ಬಿಟ್ಟು ಹೋದ ಮೂವರಲ್ಲಿ ಒಬ್ಬ ಮಂಗಳೂರಿನಲ್ಲಿ ಹೋಟೆಲ್ ಕೆಲಸ ಹಿಡಿದ. ಒಬ್ಬ ಅಣ್ಣನ ಜೊತೆ ಪೈಂಟಿಂಗಿಗೆ ಹೋಗುತ್ತಾನೆ. ಮೂರನೆಯವನದ್ದೇ ಚಿಂತೆ. ಕೈ ತುಂಬಾ ಒಳ್ಳೆಯದು ಅವನದ್ದು. ಗಾಂಜಾ ಸೇದುವ ಗುಂಪಿನ ಜೊತೆ ಸೇರಿದ. ಎರಡು ಸಲ ಮನೆಗೆ ಹೋದೆ. ಅವನ ಉಮ್ಮ ಬಾಗಿಲಲ್ಲೇ ನಿಂತು "ನೀವು ಬೈದರೂ ಪರವಾಗಿಲ್ಲ, ಕರ್ಕೊಂಡು ಹೋಗಿ" ಎಂದು ಅತ್ತರು. ಅವನು ಒಳಗೆ ಮಲಗಿದ್ದ, ಎದ್ದು ಬರಲಿಲ್ಲ. ಅವನು ಅರ್ಧ ಸುತ್ತಿದ ಸ್ಟೇಟರನ್ನು (ಫ್ಯಾನಿನೊಳಗೆ ತಂತಿ ಸುತ್ತುವ ಭಾಗ) ಪೇಪರ್ ಮುಚ್ಚಿ ಒಂದು ತಿಂಗಳು ಇಟ್ಟಿದ್ದೆ. ಕೊನೆಗೆ ಫ್ಯಾನಿನ ಯಜಮಾನರು ಕೇಳಿದರು, ಉಳಿದ ಹುಡುಗರು ಸುತ್ತಿ ಮುಗಿಸಿದರು. ಮೂರನೇ ಸಲ ಅವನ ಮನೆಗೆ ಹೋಗುವವನಿದ್ದೇನೆ.

ಸೆಪ್ಟೆಂಬರ್

ಈ ತಿಂಗಳು ಪೂರ್ತಿ ಕಾಗದದ ಕೆಲಸ. ಕೈಕೆಲಸ ಎಷ್ಟು ಬಂದರೂ ಕಾಗದ ಬೇಕು. ಮನೆ ವೈರಿಂಗಿಗೆ ಕೈ ಹಾಕಲು ಕೇರಳದ ಲೈಸೆನ್ಸಿಂಗ್ ಬೋರ್ಡಿನ ವೈರ್‌ಮನ್ ಪರ್ಮಿಟ್ ಬೇಕು. ಐಟಿಐಯಲ್ಲಿ ಇಲೆಕ್ಟ್ರೀಷಿಯನ್ ಟ್ರೇಡಿಗೆ ಹತ್ತು ಪಾಸಾಗಿರಬೇಕು. ಆದರೆ ವೈರ್‌ಮನ್ ಟ್ರೇಡಿಗೆ ಎಂಟು ಪಾಸಾದರೆ ಸಾಕು. ಎರಡೂ ಎರಡು ವರ್ಷದ್ದು. ಒಂಬತ್ತಕ್ಕೆ ಬಿಟ್ಟವರಿಗೆ ತಮಗೆ ಐಟಿಐ ಬಾಗಿಲು ಮುಚ್ಚಿಲ್ಲ ಎಂಬುದೇ ಗೊತ್ತಿರಲಿಲ್ಲ. ಯಾರೂ ಅವರಿಗೆ ಹೇಳಿರಲಿಲ್ಲ.

17 ತುಂಬಿ, ಏಳು ಪಾಸಾದವರಿಗೆ ಕೇರಳದ ಸಾಕ್ಷರತಾ ಮಿಷನ್ನಿನ ಹತ್ತನೇ ತರಗತಿಯ ತುಲ್ಯತಾ ಪರೀಕ್ಷೆ (ಹತ್ತಕ್ಕೆ ಸಮಾನವಾದ ಪರೀಕ್ಷೆ) ಇದೆ. ಪಾಸಾದರೆ ಮುಂದೆ ಓದಲೂ ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೂ ಆಗುತ್ತದೆ. ನಾಲ್ವರು ಒಪ್ಪಿದ್ದಾರೆ. ಒಬ್ಬನ ಟಿಸಿಗಾಗಿ ಒಂದು ಶಾಲೆಗೆ ಐದು ಸಲ ಅಲೆದೆವು. ಪ್ರತಿ ಸಲವೂ "ನಾಳೆ ಬನ್ನಿ". ಐದನೇ ಸಲ ಅವನ ಅಮ್ಮ ಬೀಡಿ ಕಟ್ಟುವುದನ್ನು ಬಿಟ್ಟು ಬಂದು ಆಫೀಸಿನ ಬೆಂಚಿನಲ್ಲಿ ಮಧ್ಯಾಹ್ನದವರೆಗೆ ಕೂತರು, ಆಗ ಸಿಕ್ಕಿತು. ಶಾಲೆ ಬಿಟ್ಟ ಹುಡುಗನಿಗೆ ಪುನಃ ಆ ಮೆಟ್ಟಿಲು ಹತ್ತುವುದೇ ಕಷ್ಟ. ಅಲ್ಲಿ ಅವನನ್ನು ಐದು ಸಲ ನಿಲ್ಲಿಸಬಾರದಿತ್ತು.

ತುಲ್ಯತಾ ಕ್ಲಾಸು ಇರುವುದು ಭಾನುವಾರ. ಭಾನುವಾರ ನಮ್ಮ ಕ್ಲಾಸೂ ಇತ್ತು. ನಾನು ಬದಲಿಸಿದೆ: ಮಂಗಳವಾರ, ಗುರುವಾರ, ಶನಿವಾರ ಸಂಜೆ ಆರಕ್ಕೆ.

ಇನ್ನೊಂದು ಸಂಗತಿ ನಾನು ನೆನೆಸದೇ ಆದದ್ದು. ರಿಪೇರಿಗೆ ಬಂದ ಪ್ರತಿ ಸಾಮಾನಿಗೆ ಒಂದು ಚೀಟಿ ಬರೆಯಬೇಕು: ಯಾರದ್ದು, ಏನು ದೂರು, ಏನು ಬದಲಿಸಿದ್ದು. ಗಿರಾಕಿಗಳಲ್ಲಿ ಅರ್ಧ ಜನಕ್ಕೆ ಮಲಯಾಳದಲ್ಲಿ ಬರೆದು ಕೊಡಬೇಕು. ಮಾತು ಎಲ್ಲರಿಗೂ ಬರುತ್ತದೆ, ಬರೆಯಲು ಮೂವರಿಗೆ ಬರುತ್ತಿರಲಿಲ್ಲ. ಈಗ ಕರೆಂಟು ಬಿಲ್ಲು ಎದುರಿಟ್ಟುಕೊಂಡು ಒಬ್ಬರಿಗೊಬ್ಬರು ಅಕ್ಷರ ಕಲಿಸುತ್ತಿದ್ದಾರೆ. ಈ ಊರಿನಲ್ಲಿ ಬದುಕಲು ಎರಡೂ ಲಿಪಿ ಬೇಕು. ಕನ್ನಡ ಬಿಡದೆ ಅದನ್ನು ಕಲಿಯಲಿ ಎಂದೇ ನನ್ನ ಆಸೆ. ಹಾಗಾಗಿ ಅಂಗಡಿಯ ಪುಸ್ತಕ ಕನ್ನಡದಲ್ಲೇ ಇರುತ್ತದೆ.

ಮುಂದಿನದು

ಅಡಿಕೆ ತೋಟಗಳಿಗೆ ನೀರು ಬಿಡುವ ಕಾಲ ಹತ್ತಿರ ಬಂತು. ಇನ್ನು ಪಂಪುಗಳು ಬರುತ್ತವೆ. ಮಂಗಳವಾರ ಪೆರ್ಲದ ಕಡೆಯಿಂದ ಒಂದೂವರೆ ಎಚ್‌ಪಿಯ ಸುಟ್ಟ ಮೋಟಾರ್ ಒಂದು ಬರಲಿದೆ. ತೋಟದವರಿಗೆ ಮೊದಲೇ ಹೇಳಿದ್ದೇನೆ, ಹುಡುಗರು ಕಲಿಯುತ್ತಾ ಮಾಡುವುದು, ನಾಲ್ಕು ದಿನ ಜಾಸ್ತಿ ಹಿಡಿಯಬಹುದು ಎಂದು. ಅವರು ಒಪ್ಪಿದ್ದಾರೆ. ಚೀಟಿ ಬರೆಯುವುದು ಐಸ್ ಹಾಕುವ ಹುಡುಗ, ಬಿಚ್ಚುವುದು ಗಣಿತದವ.