ಇದೆಲ್ಲ ನಮ್ಮಲ್ಲಿ ಇತ್ತಾ ಸಾರ್?

ಕಾವ್ಯವನ್ನು ರಾಗವಾಗಿ ಓದುವ ಗಮಕ ವಾಚನಕ್ಕೆ ವ್ಯಾಖ್ಯಾನ ಹೇಳಿ ವೇದಿಕೆ ಇಳಿದ ಮೇಲೆ ಹುಡುಕಿಕೊಂಡು ಬರುವ ಪ್ರಶ್ನೆಗಳಲ್ಲಿ ಒಂದಂತೂ ಈಚೆಗೆ ತಪ್ಪುವುದೇ ಇಲ್ಲ. "ಗಂಡಿಗೆ ಗಂಡೇ ಬೇಕು ಅನ್ನೋದು, ಹುಡುಗನಾಗಿ ಹುಟ್ಟಿ ಸೀರೆ ಉಡ್ತೀನಿ ಅನ್ನೋದು, ಇದೆಲ್ಲ ನಮ್ಮ ಧರ್ಮದಲ್ಲಿ ಇತ್ತಾ ಸಾರ್? ಹೊರಗಿಂದ ಬಂದಿದ್ದಲ್ವಾ?" ಹುಡುಗರು ಕೇಳಿದರೆ ಅವರಿಗೆ ನನ್ನ ಬಾಯಲ್ಲಿ 'ಇತ್ತು' ಅನ್ನಿಸಬೇಕು. ಅವರ ಅಪ್ಪಂದಿರು ಕೇಳಿದರೆ 'ಇಲ್ಲ' ಅನ್ನಿಸಬೇಕು. ಇಬ್ಬರಿಗೂ ನಾನು ಕೊಡುವ ಉತ್ತರ ಒಂದೇ: ಇತ್ತು. ಆದರೆ ಜಾಗ ಇತ್ತೇ ಹೊರತು ಪಾಲು ಇರಲಿಲ್ಲ.

'ಇತ್ತು' ಎಂದ ಕೂಡಲೇ ಯಾರಾದರೊಬ್ಬರು ಅರ್ಧನಾರೀಶ್ವರನನ್ನು ಎಳೆದು ತರುತ್ತಾರೆ. ಬಾದಾಮಿಯ ಒಂದನೇ ಗುಹೆಯಲ್ಲಿ ಅವನ ಭವ್ಯ ಮೂರ್ತಿಯಿದೆ, ಅಲ್ಲೇ ಹರಿಹರನೂ ಇದ್ದಾನೆ. ನನಗೆ ಈ ಸಾಕ್ಷಿ ಅಷ್ಟು ಗಟ್ಟಿ ಅನ್ನಿಸುವುದಿಲ್ಲ. ಅದು ಶಿವ ಶಕ್ತಿಯರು ಬೇರೆಯಲ್ಲ ಎಂಬ ತತ್ತ್ವ. ದೇವರನ್ನು ಹಾಗೆ ಕೆತ್ತಿದವರು ಪಕ್ಕದ ಮನೆಯ ಹುಡುಗನನ್ನು ಹೇಗೆ ನೋಡಿದರು ಎಂಬುದು ಕಲ್ಲಿನಿಂದ ತಿಳಿಯುವುದಿಲ್ಲ. ಅದಕ್ಕೆ ಕಥೆಗಳ ಕಡೆ ಹೋಗಬೇಕು.

ಶಿಖಂಡಿಯ ಕಥೆ ಎಲ್ಲರಿಗೂ ಗೊತ್ತು ಅಂದುಕೊಳ್ಳುತ್ತೇವೆ. ಅಂಬೆಯ ಮರುಹುಟ್ಟು, ಭೀಷ್ಮನ ಎದುರು ನಿಂತದ್ದು, ಅಷ್ಟೇ. ಮಹಾಭಾರತದ ಉದ್ಯೋಗಪರ್ವದಲ್ಲಿ ಬರುವ ನಡುವಿನ ಭಾಗ ಯಾರಿಗೂ ನೆನಪಿರುವುದಿಲ್ಲ. ಹುಟ್ಟಿದ್ದು ಹೆಣ್ಣುಮಗು. ಗಂಡಾಗುತ್ತದೆ ಎಂಬ ಶಿವನ ವರವನ್ನು ನಂಬಿ ದ್ರುಪದ ಅದನ್ನು ಗಂಡೆಂದೇ ಬೆಳೆಸಿದ. ವಯಸ್ಸಿಗೆ ಬಂದಾಗ ದಶಾರ್ಣದ ಅರಸನ ಮಗಳನ್ನು ತಂದು ಮದುವೆಯನ್ನೂ ಮಾಡಿದ. ಗುಟ್ಟು ಹೊರಬಿತ್ತು, ಬೀಗ ದಂಡೆತ್ತಿ ಹೊರಟ. ಇಷ್ಟಕ್ಕೆಲ್ಲ ನಾನೇ ಕಾರಣ ಎಂದು ಶಿಖಂಡಿ ಸಾಯಲು ಕಾಡಿಗೆ ಹೋದಾಗ ಸ್ಥೂಣನೆಂಬ ಯಕ್ಷ ಕನಿಕರಪಟ್ಟು ತನ್ನ ಗಂಡುತನವನ್ನು ಕೈಗಡ ಕೊಟ್ಟ. ಕುಬೇರನಿಗೆ ಸಿಟ್ಟು ಬಂದು, ಶಿಖಂಡಿ ಬದುಕಿರುವವರೆಗೂ ನೀನು ಹೆಣ್ಣಾಗಿಯೇ ಇರು ಎಂದು ಯಕ್ಷನಿಗೆ ಶಾಪ ಕೊಟ್ಟ.

ನಾನು ವ್ಯಾಖ್ಯಾನದಲ್ಲಿ ನಿಲ್ಲುವುದು ಆ ದಶಾರ್ಣದ ಹುಡುಗಿಯ ಹತ್ತಿರ. "ಮದುವೆ ಮಾಡಿದ್ರೆ ಎಲ್ಲ ಸರಿಹೋಗುತ್ತೆ" ಎಂಬ ಮಾತಿಗೆ ಎಷ್ಟು ವಯಸ್ಸಾಗಿದೆ ನೋಡಿ. ಆಗಲೂ ಬೇರೆಯವರ ಮನೆಯ ಮಗಳನ್ನು ಅದಕ್ಕೆ ಬಲಿ ಕೊಟ್ಟರು, ಈಗಲೂ ಅದೇ ಆಗುತ್ತಿದೆ. ಯಕ್ಷ ಮಾತ್ರ ಈಗ ಸಿಗುವುದಿಲ್ಲ.

ಇದಕ್ಕಿಂತ ಸ್ವಾರಸ್ಯದ ಕಥೆ ಭಂಗಾಸ್ವನನದು. ಕುಮಾರವ್ಯಾಸ ತನ್ನ ಕನ್ನಡ ಭಾರತವನ್ನು 10 ಪರ್ವಕ್ಕೆ ನಿಲ್ಲಿಸಿದ. ಇದು ಇರುವುದು ಅದರ ನಂತರದ ಅನುಶಾಸನ ಪರ್ವದಲ್ಲಿ, ಹಾಗಾಗಿ ನಮ್ಮ ವಾಚನಗಳಲ್ಲಿ ಇದು ಬರುವುದೇ ಇಲ್ಲ. ಈ ರಾಜ ಯಾಗ ಮಾಡಿ 100 ಗಂಡುಮಕ್ಕಳನ್ನು ಪಡೆದ. ಆ ಯಾಗ ಇಂದ್ರನಿಗೆ ಹಿಡಿಸಲಿಲ್ಲ. ಬೇಟೆಗೆ ಹೋದ ರಾಜ ದಾರಿ ತಪ್ಪಿ, ಒಂದು ಸರೋವರದಲ್ಲಿ ಮುಳುಗಿ ಎದ್ದರೆ ಹೆಣ್ಣಾಗಿದ್ದ. ರಾಜ್ಯವನ್ನು ಮಕ್ಕಳಿಗೆ ಬಿಟ್ಟು ಕಾಡು ಸೇರಿ, ಒಬ್ಬ ತಾಪಸನಿಂದ ಇನ್ನೂ 100 ಮಕ್ಕಳನ್ನು ಪಡೆದಳು. ಇಂದ್ರ ಈ ಎರಡು ಗುಂಪಿಗೂ ಜಗಳ ಹಚ್ಚಿ ಎಲ್ಲರೂ ಸಾಯುವಂತೆ ಮಾಡಿದ. ಆಮೇಲೆ ಮನಸ್ಸು ಕರಗಿ, ಯಾವ ಮಕ್ಕಳು ಬದುಕಲಿ ಎಂದು ಕೇಳಿದಾಗ ಅವಳು ತಾನು ಹೆತ್ತವರನ್ನು ಆರಿಸಿಕೊಂಡಳು. ತಾಯಿಗೆ ಮಕ್ಕಳ ಮೇಲಿನ ಮಮತೆ ಹೆಚ್ಚು ಎಂಬ ಕಾರಣ ಕೊಟ್ಟಳು. ಇಂದ್ರ ಮೆಚ್ಚಿ ಎಲ್ಲರನ್ನೂ ಬದುಕಿಸಿ, ಮತ್ತೆ ಗಂಡಾಗುತ್ತೀಯಾ ಎಂದರೆ ಬೇಡ ಅಂದಳು. ಕೂಡುವ ಸುಖ ಹೆಣ್ಣಿಗೇ ಹೆಚ್ಚು, ನಾನು ಹೀಗೇ ಇರುತ್ತೇನೆ ಅಂದಳು.

ಇದನ್ನು ಧರ್ಮರಾಯನಿಗೆ ಹೇಳುತ್ತಿರುವವನು ಯಾರು? ಮದುವೆಯೇ ಆಗದ ಭೀಷ್ಮ. ಅದೂ ಶರಮಂಚದ ಮೇಲೆ ಮಲಗಿಕೊಂಡು. ಹಿಂದೆ ಹೆಣ್ಣಾಗಿದ್ದವನ ಮೇಲೆ ಬಾಣ ಬಿಡೆನು ಎಂದು ಶಿಖಂಡಿಯ ಎದುರು ಬಿಲ್ಲು ಕೆಳಗಿಟ್ಟೇ ಅವನು ಆ ಮಂಚಕ್ಕೆ ಬಂದದ್ದು. ಆದರೂ ಈ ಕಥೆ ಹೇಳುವಾಗ ಅವನ ಮಾತಿನಲ್ಲಿ ಹೇಸಿಗೆಯಿಲ್ಲ, ಉಪದೇಶವೂ ಇಲ್ಲ. ಈ ಕಥೆ ಗೊತ್ತಿದ್ದೂ "ನಮ್ಮಲ್ಲಿ ಇರಲಿಲ್ಲ" ಎನ್ನಲು ನನಗೆ ನಾಲಗೆ ಏಳುವುದಿಲ್ಲ.

ಹಾಗಂತ ನಮ್ಮ ಪೂರ್ವಜರು ಎಲ್ಲರನ್ನೂ ಅಪ್ಪಿಕೊಂಡಿದ್ದರು ಎಂದು ಹೂಮಾಲೆ ಹಾಕುವವರನ್ನೂ ನಾನು ಒಪ್ಪುವುದಿಲ್ಲ. ಬೃಹನ್ನಳೆಯ ವೇಷ ತೊಟ್ಟು ಒಂದು ವರ್ಷ ಉತ್ತರೆಗೆ ನಾಟ್ಯ ಕಲಿಸಿದವನಿಗೇ, ಕುರುಕ್ಷೇತ್ರದಲ್ಲಿ ಕೈ ನಡುಗಿದಾಗ, ಕೃಷ್ಣ "ನಪುಂಸಕನಂತೆ ಆಡಬೇಡ" ಎಂದು ಬೈಯುತ್ತಾನೆ. ಬೈಗುಳವಾಗಿ ಆಗಲೂ ಅದು ಚಾಲ್ತಿಯಲ್ಲಿತ್ತು.

ಧರ್ಮಶಾಸ್ತ್ರಗಳಲ್ಲಿ ಚಿತ್ರ ಇನ್ನೂ ಸ್ಪಷ್ಟ. ಗಂಡು ಗಂಡನ್ನು ಕೂಡಿದರೆ ಉಟ್ಟ ಬಟ್ಟೆಯಲ್ಲೇ ಸ್ನಾನ ಮಾಡಬೇಕು ಎನ್ನುತ್ತದೆ ಮನುಸ್ಮೃತಿ. ಹಗಲು ಹೊತ್ತಿನಲ್ಲಿ ಹೆಣ್ಣನ್ನು ಕೂಡಿದವನಿಗೂ ಅದೇ ಸ್ನಾನ. ಅದೇ ಅಧ್ಯಾಯದ ಇನ್ನೊಂದು ಕಡೆ, ಇದರಿಂದ ಜಾತಿ ಕೆಡುತ್ತದೆ ಎಂದೂ ಇದೆ. ಅರ್ಥಶಾಸ್ತ್ರ ಹಾಕುವುದು ಕೆಳಹಂತದ ದಂಡ, ಆಗಿನ ನಾಣ್ಯದಲ್ಲಿ 48ರಿಂದ 96 ಪಣ. ಹುಡುಗಿಯೊಬ್ಬಳು ಇನ್ನೊಬ್ಬ ಹುಡುಗಿಯನ್ನು ಕೆಡಿಸಿದರೆ ಮಾತ್ರ ಮನು ಬಿಗಿಯಾಗುತ್ತಾನೆ: 200 ಪಣ, ಎರಡರಷ್ಟು ಕನ್ಯಾಶುಲ್ಕ, 10 ಏಟು. ಗಂಡು ಗಂಡನ್ನು ಕೂಡಿದರೆ ಜೀವಾವಧಿಯವರೆಗೂ ಶಿಕ್ಷೆ ಎಂದು ಬರೆದದ್ದು 1860ರ ದಂಡಸಂಹಿತೆಯ 377ನೇ ಕಲಮು. ಅದನ್ನು ಬರೆದವರು ಇಂಗ್ಲಿಷರು. ಹೊರಗಿನಿಂದ ಏನು ಬಂತು ಎಂದು ಕೇಳುವ ಅಪ್ಪಂದಿರಿಗೆ ನಾನು ಮೊದಲು ತೋರಿಸುವುದು ಇದನ್ನೇ. ವಯಸ್ಕರು ಒಪ್ಪಿ ಕೂಡುವುದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು.

ನಾನು ಪಾಲಿಲ್ಲ ಎಂದದ್ದಕ್ಕೆ ಮನುವಿನ 9ನೇ ಅಧ್ಯಾಯ ನೋಡಿ. ಕ್ಲೀಬನಿಗೆ, ಅಂದರೆ ಗಂಡಸುತನ ಇಲ್ಲದವನಿಗೆ, ಆಸ್ತಿಯಲ್ಲಿ ಭಾಗವಿಲ್ಲ, ಆದರೆ ಬದುಕಿರುವವರೆಗೂ ಅನ್ನ ಬಟ್ಟೆ ಕೊಡಲೇಬೇಕು, ಕೊಡದವನು ಪತಿತ. ಕ್ಲೀಬ ಎಂಬ ಆ ಒಂದೇ ಹೆಸರಿನಡಿ ಯಾರ್‍ಯಾರನ್ನೋ ತುರುಕಿದ್ದಾರೆ, ಅದು ಬೇರೆ ಮಾತು. ಮನೆಯಿಂದ ಓಡಿಸಬೇಡ, ಪಾಲನ್ನೂ ಕೊಡಬೇಡ, ಇದು ತೀರ್ಮಾನ.

ಉತ್ತರ ಕರ್ನಾಟಕದ ಜೋಗಪ್ಪಂದಿರ ಬದುಕು ಈ ತೀರ್ಮಾನದ ಮೇಲೆಯೇ ನಿಂತಿದೆ ಅನ್ನಿಸುತ್ತದೆ. ಹುಡುಗನ ನಡೆ ನುಡಿ ಹೆಣ್ಣಿನಂತಾದರೆ, ತಲೆಯಲ್ಲಿ ಜಡೆಗಟ್ಟಿದರೆ, "ಎಲ್ಲಮ್ಮ ಹಿಡದಾಳ" ಅನ್ನುತ್ತಾರೆ. ದೇವಿಗೆ ಮೀಸಲೆಂದು ಮುತ್ತು ಕಟ್ಟುತ್ತಾರೆ. ಅಲ್ಲಿಂದ ಮುಂದೆ ಸೀರೆ, ಚೌಡಿಕೆ ವಾದ್ಯ, ಪಡಲಗಿ ಬುಟ್ಟಿ, ತಲೆ ಮೇಲೆ ದೇವಿಯ ಕೊಡ. ಸವದತ್ತಿ ಗುಡ್ಡದಲ್ಲಿ ಉಧೋ ಉಧೋ ಎನ್ನುವ ಜನ ಅವರ ಕಾಲಿಗೂ ಬೀಳುತ್ತಾರೆ. ಇದು ಸಣ್ಣ ಮಾತಲ್ಲ. ಮಗ ಹೀಗೇಕೆ ಎಂದು ತಲೆ ಚಚ್ಚಿಕೊಳ್ಳುವ ತಾಯಿಗೆ ದೇವಿಯೇ ಕಾರಣ ಎನ್ನಲು ಒಂದು ದಾರಿ ಸಿಕ್ಕಿತು, ಮಗನಿಗೆ ಊರಲ್ಲಿ ಒಂದು ಹೆಸರು ಸಿಕ್ಕಿತು. ಆದರೆ ಆ ಹೆಸರಿನ ಜೊತೆಗೆ ಬರುವುದು ಜೋಗ ಬೇಡುವ ಬದುಕು. ಕಾಲಿಗೆ ಬಿದ್ದವರೇ ಬಾಡಿಗೆಗೆ ಮನೆ ಕೊಡಲು ಹಿಂದೆ ಮುಂದೆ ನೋಡುತ್ತಾರೆ. ದೇವಿಗೆ ಮೀಸಲಾದವರಿಗೆ ಸಂಗಾತಿಯ ಆಸೆ ಇರಬಹುದು ಎಂಬ ಮಾತನ್ನಂತೂ ಯಾರೂ ಎತ್ತುವುದಿಲ್ಲ. ಇವರಲ್ಲಿ ಹೆಚ್ಚಿನವರು ಬಡವರು, ದಲಿತ ಮತ್ತು ಹಿಂದುಳಿದ ಜಾತಿಯವರು. ಮೇಲ್ಜಾತಿಯ ಮನೆಗಳಲ್ಲಿ ಎಲ್ಲಮ್ಮ ಹಿಡಿಯುವುದು ಅಪರೂಪ, ಅಲ್ಲಿ ಬೇಗ ಮದುವೆ ಮಾಡುತ್ತಾರೆ.

ಜೋಗಪ್ಪಂದಿರಲ್ಲೇ ಒಬ್ಬರಾದ, ಜೋಗತಿ ಕುಣಿತ ಕಲಿತ ಮಂಜಮ್ಮ ಜೋಗತಿ 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ಅದೇ ವರ್ಷ ನಮ್ಮ ರಾಜ್ಯ ಸರ್ಕಾರಿ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1 ಮೀಸಲಾತಿ ತಂದಿತು. ದೃಷ್ಟಿ ತೆಗೆಯುವ ಆ ಚಿತ್ರ ಎಲ್ಲರ ಮೊಬೈಲಿಗೂ ಬಂತು. ನನ್ನ ಲೆಕ್ಕದಲ್ಲಿ ಪಾಲು ಅನ್ನಬಹುದಾದದ್ದು ಆ ಒಂದು ಶೇಕಡಾ.

ಈಗೀಗ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: "ಹಾಗಾದ್ರೆ ಮದುವೆ? ಶಾಸ್ತ್ರದಲ್ಲಿದೆಯಾ?" ಇಬ್ಬರು ಗಂಡಸರ, ಇಬ್ಬರು ಹೆಂಗಸರ ವಿವಾಹವಿಧಿ ಸ್ಮೃತಿಗಳಲ್ಲಿ ಇಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಕೂಡ ಅದನ್ನು ಸಂಸತ್ತಿಗೆ ಬಿಟ್ಟಿತು. ಆದರೆ 'ಶಾಸ್ತ್ರದಲ್ಲಿಲ್ಲ' ಎಂದು ಗೆದ್ದವರಂತೆ ಎದ್ದು ಹೋಗುವವರನ್ನು ಕೂರಿಸಿ ಮನು ಎಣಿಸಿದ 8 ವಿವಾಹಗಳನ್ನು ಹೇಳುತ್ತೇನೆ. ಅದರಲ್ಲಿ ರಾಕ್ಷಸ ಇದೆ, ಅಳುವ ಹುಡುಗಿಯನ್ನು ಅವಳ ಮನೆಯವರನ್ನು ಕೊಂದು ಹೊತ್ತೊಯ್ಯುವುದು. ಪೈಶಾಚ ಇದೆ, ನಿದ್ದೆಯಲ್ಲೋ ಮತ್ತಿನಲ್ಲೋ ಇರುವವಳನ್ನು ಕೆಡಿಸುವುದು. ಅಧಮ ಎಂದು ಬೈದರೂ ಮದುವೆಯ ಪಟ್ಟಿಯಲ್ಲೇ ಇಟ್ಟಿದ್ದಾನೆ. ಅದೇ ಪಟ್ಟಿಯಲ್ಲಿ ಗಾಂಧರ್ವವೂ ಇದೆ, ಇಬ್ಬರು ಇಷ್ಟಪಟ್ಟರೆ ಆಯಿತು, ಅಪ್ಪ ಅಮ್ಮನ ಅಪ್ಪಣೆ ಬೇಕಿಲ್ಲ. ಅದನ್ನು ಹೇಳಿರುವುದು ಹೆಣ್ಣು ಗಂಡಿನ ವಿಷಯಕ್ಕೇ, ಇದನ್ನೂ ಹುಡುಗರಿಂದ ಮುಚ್ಚಿಡುವುದಿಲ್ಲ.