ತುಂಬೆ ಸೊಪ್ಪು ಸಾರಿಗೆ, ಹಾವಿಗಲ್ಲ

ಭಾನುವಾರದಿಂದ ಚಿಕ್ಕಪ್ಪನ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ದೊಡ್ಡಮ್ಮ ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು ಕೀಳುತ್ತಿದ್ದರು. ತುಂಬೆ ಗಿಡ ಕಂಡಿದ್ದೇ ತಡ, ಚಿಕ್ಕಪ್ಪ ನನ್ನ ಮಗನಿಗೆ ಪಾಠ ಶುರು ಮಾಡಿದರು. "ನೋಡೋ, ಇದರ ರಸ ಕುಡಿಸಿದ್ರೆ ನಾಗರಹಾವಿನ ವಿಷಾನೂ ಇಳಿಯುತ್ತೆ."

ದೊಡ್ಡಮ್ಮ ತಲೆ ಎತ್ತಲೂ ಇಲ್ಲ. "ಸೊಪ್ಪು ಸಾರಿಗೆ. ಹಾವು ಕಚ್ಚಿದ್ರೆ ಆಸ್ಪತ್ರೆಗೆ. ಮಗೂಗೆ ಇಲ್ಲದ್ದು ಹೇಳ್ಬೇಡಪ್ಪ."

ಚಿಕ್ಕಪ್ಪ ಒಳ್ಳೆಯವರೇ. ಆದರೆ "ಗೊತ್ತಿಲ್ಲ" ಅಂತ ಅವರು ಹೇಳಿದ್ದನ್ನು ನಾನು ಕೇಳಿಲ್ಲ. ದೊಡ್ಡಮ್ಮ ತುಂಬೆಯನ್ನು ಹೊಗಳೋದೇ ಇಲ್ಲ, ಬಳಸುತ್ತಾರೆ ಅಷ್ಟೇ. ಎಳೆ ಕುಡಿ ಮಾತ್ರ ಚಿವುಟುತ್ತಾರೆ, ಬಲಿತದ್ದು ಕಹಿ. ತುಂಬೆ ಒಂದು ಹಿಡಿ ಸಾಕು. ಉಳಿದದ್ದು ಅಣ್ಣೆ, ಗೋಣಿ, ದಂಟು. ತೊಗರಿಬೇಳೆ ಜೊತೆ ಬೇಯಿಸಿ, ಹಸಿಮೆಣಸಿನಕಾಯಿ, ಹುಣಸೆ ಹಾಕಿ ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಮುದ್ದೆಗೆ ಬೇರೇನೂ ಬೇಡ. ನೆಗಡಿಯಾದರೆ ಅದೇ ಸೊಪ್ಪು ಕುದಿಯೋ ನೀರಿಗೆ ಬಿದ್ದು ಹಬೆಯಾಗುತ್ತದೆ. ಒಣಗಿದ ಗಿಡದ ಹೊಗೆ ಸಂಜೆ ಸೊಳ್ಳೆಗೆ. ಬಿಳಿ ಹೂ ಶಿವನ ಪೂಜೆಗೆ. ಅದರಲ್ಲೂ ಅರ್ಧ ನನ್ನ ಮಗನ ಬಾಯಿಗೆ, ಬುಡದಲ್ಲಿರೋ ಆ ಚೂರು ಜೇನಿನ ಆಸೆಗೆ.

ಇಷ್ಟು ಸಾಲದಾ ಒಂದು ಗಿಡಕ್ಕೆ? ಸಾವನ್ನೂ ಗೆಲ್ಲುತ್ತೆ ಅಂತ ಯಾಕೆ ಹೇಳಬೇಕು?

ನಂಬಿಕೆ ಎಲ್ಲಿಂದ ಬಂತು ಅನ್ನೋದು ಊಹಿಸಬಹುದು. ನಮ್ಮ ಸುತ್ತಮುತ್ತ ಇರೋ ಹಾವುಗಳಲ್ಲಿ ಬಹುಪಾಲು ವಿಷದವಲ್ಲ. ವಿಷದ ಹಾವೂ ಕೆಲವು ಸಲ ಸುಮ್ನೆ ಕಚ್ಚಿ ಬಿಡುತ್ತದೆ, ವಿಷ ಬಿಡಲ್ಲ. ಅಂಥವರು ಏನು ಕುಡಿದಿದ್ದರೂ ಬದುಕುತ್ತಿದ್ದರು. ತುಂಬೆ ಕುಡಿದಿದ್ದರೆ ಹೆಸರು ತುಂಬೆಗೆ. ಬದುಕದವರು ಬಂದು ಹೇಳಲ್ಲ, ಅಲ್ವಾ?

ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೆ ಕುದುರೆಯ ರಕ್ತದಿಂದ ತಯಾರಿಸಿದ ಔಷಧ ಇದೆ. ಕೊಡೋದು ಆಸ್ಪತ್ರೆಯಲ್ಲೇ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂದಿತು. ಅದು ಸಣ್ಣ ವಿಷಯವಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ.

ಊಟದ ಹೊತ್ತಿಗೆ ಇದನ್ನೆಲ್ಲ ಹೇಳಿದೆ. ಚಿಕ್ಕಪ್ಪ ಸೋಲಲಿಲ್ಲ. "ಎರಡನ್ನೂ ಕೊಡೋದ್ರಲ್ಲಿ ತಪ್ಪೇನು?" ಅಂದರು. ತಪ್ಪಿದೆ. ತುಂಬೆ ಹುಡುಕಿ, ಅರೆದು, ಹಿಂಡಿ, ಕುಡಿಸಿ, ಇಳೀತಾ ಅಂತ ಕಾಯ್ತಾ ಕೂತರೆ ಆ ಹೊತ್ತನ್ನು ಯಾವ ಡಾಕ್ಟರೂ ವಾಪಸ್ ಕೊಡಲ್ಲ.