ಬಲಗಡೆ ಸ್ಪೀಕರ್‌ನ ವೈರ್ ಬದಲಾಯಿಸಿದ್ದು

ಮೊದಲ ಭಾನುವಾರ

ನಮ್ಮದು ಸರಸ್ವತಿಪುರಂನ ಹಳೇ ಮನೆ. ರೆಡ್ ಆಕ್ಸೈಡ್ ನೆಲ, ದಪ್ಪ ಗೋಡೆ. ಹಾಲ್‌ನಲ್ಲಿ ಆಂಪ್ಲಿಫೈಯರ್ ಎಡಗಡೆ ಇದೆ. ಎಡ ಸ್ಪೀಕರ್‌ಗೆ 4 ಮೀಟರ್ ವೈರ್ ಸಾಕು. ಬಲ ಸ್ಪೀಕರ್‌ಗೆ 11 ಮೀಟರ್ ಬೇಕು, ಯಾಕಂದ್ರೆ ನಡುವೆ ಬಾಗಿಲಿದೆ. ಹೊಸ್ತಿಲ ಮೇಲೆ ವೈರ್ ಹಾಯಿಸುವುದು ಅಮ್ಮನಿಗೆ ಇಷ್ಟವಿಲ್ಲ. ದಿನಾ ಅರಿಶಿನ, ಕುಂಕುಮ ಇಡುವ ಜಾಗ ಅದು. ಹಾಗಾಗಿ ವೈರ್ ಬಾಗಿಲ ಚೌಕಟ್ಟು ಹತ್ತಿ, ಆ ಕಡೆಯಿಂದ ಇಳಿಯುತ್ತದೆ.

ಎಷ್ಟೋ ದಿನದಿಂದ ಒಂದು ಕೊರತೆ ಕಾಡುತ್ತಿತ್ತು. ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆ ಹಾಕಿದರೆ ಮಂದ್ರದ ತಂತಿ ತೆಳ್ಳಗೆ ಕೇಳಿಸುತ್ತಿತ್ತು. ಮೃದಂಗದ ಎಡಬದಿಯ ಪೆಟ್ಟು ಎದೆಗೆ ತಾಗುತ್ತಲೇ ಇರಲಿಲ್ಲ. ಬ್ಯಾಲೆನ್ಸ್ ನಾಬ್ ಸದಾ ಬಲಕ್ಕೆ ತಿರುಗಿಸಿಡಬೇಕಿತ್ತು. ಹೊಸ ಸ್ಪೀಕರ್ ತರೋಣ ಅಂದುಕೊಂಡಿದ್ದೆ. ಮಂಡ್ಯದಲ್ಲಿರುವ ಭಾವ ಫೋನಿನಲ್ಲಿ ಹೇಳಿದರು: "ಸ್ಪೀಕರ್ ತಂಟೆಗೆ ಹೋಗ್ಬೇಡ ಕಣೋ, ಮೊದ್ಲು ವೈರ್ ನೋಡು."

ನೋಡಿದೆ. 0.5 ಚದರ ಮಿಲಿಮೀಟರ್‌ನ ಕೆಂಪು-ಕಪ್ಪು ಜೋಡಿ ವೈರ್. ಆಂಪ್ಲಿಫೈಯರ್ ಆಫ್ ಮಾಡಿ, ವೈರಿನ ಎರಡೂ ತುದಿ ಬಿಚ್ಚಿ, ಒಂದು ಕಡೆ ಕೆಂಪು ಕಪ್ಪು ಸೇರಿಸಿ ಹೊಸೆದು, ಇನ್ನೊಂದು ಕಡೆ ಮಲ್ಟಿಮೀಟರ್ ಇಟ್ಟೆ. ಅದಕ್ಕೂ ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಅದು ಎಷ್ಟು ತೋರಿಸುತ್ತದೆ ಅಂತ ಬರೆದುಕೊಂಡು, ಅಷ್ಟನ್ನು ಕಳೆಯಬೇಕು. ಇಷ್ಟು ಕಡಿಮೆ ಓಮ್ (ಕರೆಂಟಿಗೆ ವೈರ್ ಒಡ್ಡುವ ತಡೆಯ ಅಳತೆ) ಅಳೆಯುವಾಗ ಇದನ್ನು ಬಿಟ್ಟರೆ ಲೆಕ್ಕವೇ ತಪ್ಪುತ್ತದೆ.

ಎಡಕ್ಕೆ 0.3 ಓಮ್. ಬಲಕ್ಕೆ 1.4 ಓಮ್!

ಈ ದಪ್ಪದ ತಾಮ್ರದ ವೈರಿಗೆ ಮೀಟರಿಗೆ ಸುಮಾರು 0.039 ಓಮ್. ಹೋಗುವುದು 11, ಬರುವುದು 11, ಒಟ್ಟು 22 ಮೀಟರ್. ಅಂದರೆ 0.86 ಓಮ್ ಬರಬೇಕಿತ್ತು. ಅದೇ ಜಾಸ್ತಿ. ಸ್ಪೀಕರಿನ ಓಮ್‌ನಲ್ಲಿ ನೂರಕ್ಕೆ 5 ಪಾಲಿಗಿಂತ ವೈರಿನದು ಕಡಿಮೆ ಇರಲಿ ಅನ್ನುವುದು ರೂಢಿ. ನನ್ನದು 6 ಓಮ್ ಸ್ಪೀಕರ್, ಅಂದರೆ 0.3 ಒಳಗೆ ಇರಬೇಕು. ಸರಿ, ಉಳಿದ ಅರ್ಧ ಓಮ್ ಎಲ್ಲಿಂದ ಬಂತು?

ಬುಧವಾರ ರಾತ್ರಿ

ಉತ್ತರ ಬಾಗಿಲ ಚೌಕಟ್ಟಿನ ಮೇಲಿತ್ತು. ಎರಡು ವರ್ಷದ ಹಿಂದೆ ಆಯುಧಪೂಜೆಗೆ ಮುಂಚೆ ಸುಣ್ಣಬಣ್ಣ ಮಾಡಿಸಿದಾಗ ವೈರ್ ತುಂಡಾಗಿತ್ತು. ನಾನೇ ಹೊಸೆದು ಟೇಪ್ ಸುತ್ತಿದ್ದೆ. ಟೇಪ್ ಬಿಚ್ಚಿದರೆ ಒಳಗೆ ತಾಮ್ರ ಕಪ್ಪಾಗಿ, ಅಲ್ಲಲ್ಲಿ ಹಸಿರು ಹಿಡಿದಿದೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು: ಕೆಂಪಿಗೆ ಕಪ್ಪು ಸೇರಿಸಿದ್ದೆ. ಎರಡು ವರ್ಷ ಬಲ ಸ್ಪೀಕರ್ ಉಲ್ಟಾ ಓಡಿದೆ. ಎಡಗಡೆ ಕೋನ್ (ಸ್ಪೀಕರಿನಲ್ಲಿ ಅದುರಿ ಸದ್ದು ಮಾಡುವ ಬಟ್ಟಲಿನಂಥ ಭಾಗ) ಮುಂದೆ ಬರುವಾಗ ಬಲಗಡೆಯದು ಹಿಂದೆ ಹೋಗುತ್ತಿತ್ತು. ಆಗ ಎರಡು ಕಡೆಯ ಬೇಸ್, ಅಂದರೆ ತಗ್ಗಿನ ಸದ್ದು, ಕೋಣೆಯಲ್ಲಿ ಒಂದನ್ನೊಂದು ತಿಂದುಹಾಕುತ್ತದೆ.

1.5 ವೋಲ್ಟಿನ ಪೆನ್ಸಿಲ್ ಸೆಲ್ ತಂದು ಖಚಿತ ಮಾಡಿಕೊಂಡೆ. ಆಂಪ್ಲಿಫೈಯರ್ ಕಡೆಯ ಬಿಡಿ ತುದಿಯಲ್ಲಿ ಸೆಲ್ಲಿನ ಪ್ಲಸ್ಸನ್ನು ಕೆಂಪಿಗೆ, ಮೈನಸ್ಸನ್ನು ಕಪ್ಪಿಗೆ ಒಂದು ಕ್ಷಣ ತಾಗಿಸಿದರೆ ಕೋನ್ ಮುಂದಕ್ಕೆ ಬರಬೇಕು. ಎಡಗಡೆಯದು ಬಂತು. ಬಲಗಡೆಯದು ಒಳಕ್ಕೆ ಹೋಯಿತು.

ಇಲ್ಲಿ ಆತುರಪಡಬಾರದು ಅನಿಸಿತು. ಒಟ್ಟಿಗೇ ಹೊಸ ವೈರ್ ಹಾಕಿದರೆ ಯಾವುದರಿಂದ ಏನು ಸರಿಹೋಯಿತು ಅಂತ ಗೊತ್ತಾಗುವುದಿಲ್ಲ ಅಲ್ವಾ? ಹಳೇ ವೈರನ್ನೇ ಕೆರೆದು, ಸರಿಯಾಗಿ ಜೋಡಿಸಿ, ಬೆಸುಗೆ ಹಾಕಿದೆ. 0.9 ಓಮ್‌ಗೆ ಇಳಿಯಿತು. ಅದೇ ವೀಣೆ ಹಾಕಿದೆ. ಮೃದಂಗ ಹಾಲಿನ ನಡುವೆ ಬಂದು ಕೂತಿತು. ಮಂದ್ರ ತುಂಬಿಕೊಂಡಿತು. ಕಣ್ಣು ಮುಚ್ಚಿ ಅದನ್ನೇ ಎರಡು ಸಲ ಕೇಳಿದೆ.

ಶನಿವಾರ

ಒಂದು ಅಂಗಡಿಯಲ್ಲಿ 'ಸ್ಪೀಕರ್ ವೈರ್' ಅಂತಲೇ ತಂದಿದ್ದೆ. ಕೈಯಲ್ಲಿ ಹಿಡಿದರೆ ಹಗುರ. ಬ್ಲೇಡಿನಿಂದ ಒಂದು ಎಳೆ ಕೆರೆದರೆ ಒಳಗೆ ಬೆಳ್ಳಗಿದೆ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಅದೇ ದಪ್ಪದ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು ಓಮ್ ಜಾಸ್ತಿ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಕೆರೆದು ನೋಡಿ.

ಆಮೇಲೆ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಮನೆ ವೈರಿಂಗಿನ 2.5 ಚದರ ಮಿಲಿಮೀಟರ್ ತಾಮ್ರದ ವೈರ್ ತಂದೆ, ಕೆಂಪು 12 ಮೀಟರ್, ಕಪ್ಪು 12 ಮೀಟರ್. ಎರಡರ ಒಂದು ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ಡ್ರಿಲ್ಲಿಗೆ ಸಿಕ್ಕಿಸಿ ನಿಧಾನವಾಗಿ ತಿರುಗಿಸಿದೆ. ಹಗ್ಗದ ಹಾಗೆ ಚೆಂದ ಹೊಸೆದುಕೊಂಡಿತು. ಹೊಸೆದಾಗ ಉದ್ದ ಸ್ವಲ್ಪ ಕಡಿಮೆಯಾಗುತ್ತದೆ, ಅದಕ್ಕೇ ಒಂದು ಮೀಟರ್ ಹೆಚ್ಚಿಗೆ ತಂದಿದ್ದು.

ಆಂಪ್ಲಿಫೈಯರಿನ ಸ್ಪ್ರಿಂಗ್ ಕ್ಲಿಪ್ಪಿಗೆ ಇಷ್ಟು ದಪ್ಪ ವೈರ್ ಹೋಗುವುದಿಲ್ಲ. ತುದಿಗೆ ಪಿನ್ ಲಗ್ (ಸಣ್ಣ ಕಡ್ಡಿಯಂಥ ಲೋಹದ ತುದಿ) ಒತ್ತಿಸಿದೆ. ಕೆಲವರು ನಾಲ್ಕು ಎಳೆ ಕತ್ತರಿಸಿ ತೂರಿಸುತ್ತಾರೆ, ಹಾಗೆ ಮಾಡಬೇಡಿ. ಒಂದು ಎಳೆ ಪಕ್ಕದ ಕ್ಲಿಪ್ಪಿಗೆ ತಾಗಿದರೂ ಆಂಪ್ಲಿಫೈಯರ್ ಸುಟ್ಟುಹೋಗಬಹುದು. ಸ್ಪೀಕರ್ ಕಡೆ ಬನಾನಾ ಪ್ಲಗ್ (ತೂತಿಗೆ ನೇರ ಚುಚ್ಚುವ ಒಂಟಿ ಪಿನ್ನಿನ ಪ್ಲಗ್). ಸ್ವಿಚ್ ಬೋರ್ಡಿನ ಹತ್ತಿರ ಕರೆಂಟಿನ ವೈರಿಗೆ ಅಡ್ಡಡ್ಡ ದಾಟಿಸಿದೆ, ಪಕ್ಕಪಕ್ಕ ಓಡಿಸಲಿಲ್ಲ.

ಎರಡನೇ ಭಾನುವಾರ

ಅಳತೆ: 0.2 ಓಮ್. ಫೋನಿನಿಂದ 200 ಹರ್ಟ್ಸ್ ಸದ್ದು ಹಾಕಿ, ಆಂಪ್ಲಿಫೈಯರಿನ ತುದಿಯಲ್ಲಿ 2 ವೋಲ್ಟ್ ಬರುವ ಹಾಗೆ ಇಟ್ಟು, ಸ್ಪೀಕರ್ ಹತ್ತಿರ ಎಷ್ಟು ತಲುಪುತ್ತದೆ ಅಂತ ಪ್ರತಿ ಹಂತದಲ್ಲೂ ನೋಡಿದ್ದೆ. ಕೆಟ್ಟ ಜಾಯಿಂಟ್ ಇದ್ದಾಗ 1.62. ಬೆಸುಗೆ ಹಾಕಿದ ಮೇಲೆ 1.74. ಈಗ 1.94. ಮೊದಲಿಗೂ ಈಗಿಗೂ ಸುಮಾರು ಒಂದೂವರೆ ಡೆಸಿಬಲ್ (ಸದ್ದಿನ ಮಟ್ಟದ ಅಳತೆ) ವ್ಯತ್ಯಾಸ.

ಕಿವಿಗೆ ದೊಡ್ಡ ಬದಲಾವಣೆ ಬಂದದ್ದು ಬುಧವಾರ, ಕೆಂಪು ಕಪ್ಪು ಸರಿಮಾಡಿದಾಗ. ಹೊಸ ವೈರಿನಿಂದ ಸಿಕ್ಕಿದ್ದು ಅದಕ್ಕಿಂತ ಚಿಕ್ಕದು, ಆದರೆ ಸುಮ್ನೆ ಭ್ರಮೆಯಲ್ಲ. ಬಲಗಡೆಯ ಸದ್ದು ಎಡಕ್ಕೆ ಸಮನಾಯಿತು. ಬ್ಯಾಲೆನ್ಸ್ ನಾಬ್ ಈಗ ನಡುವೆ ನಿಂತಿದೆ.

ಎಡಗಡೆಗೂ 11 ಮೀಟರ್ ವೈರೇ ಹಾಕು, ಎರಡೂ ಸಮ ಇರಲಿ ಅಂತ ಭಾವ ಹೇಳುತ್ತಾರೆ. ನನಗೆ ಅದು ಬೇಕು ಅನಿಸುವುದಿಲ್ಲ. ಇದೇ ದಪ್ಪದಲ್ಲಿ 4 ಮೀಟರಿಗೂ 11 ಮೀಟರಿಗೂ ಇರುವ ಅಂತರ 0.11 ಓಮ್ ಅಷ್ಟೇ. ಉಳಿದ 7 ಮೀಟರನ್ನು ಸೋಫಾ ಕೆಳಗೆ ಸುರುಳಿ ಸುತ್ತಿ ಇಡುವುದು ಯಾಕೆ? ಮುಂದಿನ ವಾರ ಎಡಗಡೆಗೆ 4 ಮೀಟರ್ ಹೊಸೆಯುತ್ತೇನೆ. ಚೌಕಟ್ಟಿನ ಮೇಲೆ ಪಟ್ಟಿ ಅಂಟಿಸಿ ಬಣ್ಣ ಹಚ್ಚುವುದೂ ಬಾಕಿ ಇದೆ.